ಬೋರಿಸ್ಪಿಲ್ ವಿಮಾನ ನಿಲ್ದಾಣದ ಮುಚ್ಚುಗಡೆ ಮತ್ತು ಕರ್ನಾಟಕದ ವಿದ್ಯಾರ್ಥಿಗಳು

ಬೋರಿಸ್ಪಿಲ್ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವು ಉಕ್ರೇನ್ ದೇಶದ ರಾಜಧಾನಿಯಾದ ಕೀವ್ ನಗರದ ಪ್ರಧಾನ ವಿಮಾನ ನಿಲ್ದಾಣವಾಗಿದೆ. 2022ರ ಫೆಬ್ರವರಿ 24ರ ನಸುಕಿನಲ್ಲಿ ರಷ್ಯಾ ದೇಶವು ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ಆಕ್ರಮಣವನ್ನು ಆರಂಭಿಸಿದಾಗ ಉಕ್ರೇನಿನ ಇಡೀ ವಾಯುಪ್ರದೇಶವನ್ನು ನಾಗರಿಕ ವಿಮಾನಗಳಿಗೆ ಮುಚ್ಚಲಾಯಿತು. ಅದರೊಂದಿಗೆ ಬೋರಿಸ್ಪಿಲ್ ನಿಲ್ದಾಣದ ಪ್ರಯಾಣಿಕ ಸಂಚಾರವೂ ಸ್ಥಗಿತಗೊಂಡಿತು. ಆ ವೇಳೆಗೆ ಸಾವಿರಾರು ಭಾರತೀಯ ವಿದ್ಯಾರ್ಥಿಗಳು ಇನ್ನೂ ಉಕ್ರೇನಿನಲ್ಲೇ ಇದ್ದರು. ಹುಬ್ಬಳ್ಳಿ-ಧಾರವಾಡ, ಹಾವೇರಿ, ಗದಗ, ದಾವಣಗೆರೆ ಮೊದಲಾದ ಜಿಲ್ಲೆಗಳಿಂದ ವೈದ್ಯಕೀಯ ಶಿಕ್ಷಣಕ್ಕಾಗಿ ಹೋಗಿದ್ದವರೂ ಇವರಲ್ಲಿ ಸೇರಿದ್ದರು. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬರು ಖಾರ್ಕಿವ್ ನಗರದಲ್ಲಿ ದಾಳಿಗೆ ಸಿಲುಕಿ ಮೃತಪಟ್ಟರು.

ಈ ಲೇಖನವು ನಿಲ್ದಾಣದ ಮುಚ್ಚುಗಡೆಗೆ ಕಾರಣವಾದ ಸಂಗತಿಗಳು, ಅದರಿಂದ ಕರ್ನಾಟಕದ, ವಿಶೇಷವಾಗಿ ಹುಬ್ಬಳ್ಳಿ-ಧಾರವಾಡ ಭಾಗದ, ವಿದ್ಯಾರ್ಥಿಗಳ ಮೇಲಾದ ಪರಿಣಾಮ ಹಾಗೂ ಇಂತಹ ಸಂದರ್ಭಗಳಲ್ಲಿ ಭಾರತ ಕೈಗೊಂಡ ತೆರವು ಕಾರ್ಯಾಚರಣೆಗಳ ಸ್ವರೂಪವನ್ನು ವಿವರಿಸುತ್ತದೆ.

ವಿಮಾನ ನಿಲ್ದಾಣ

ಬೋರಿಸ್ಪಿಲ್ ನಿಲ್ದಾಣವು ಕೀವ್ ನಗರದಿಂದ ಪೂರ್ವಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ, ಅದೇ ಹೆಸರಿನ ಪಟ್ಟಣದ ಸಮೀಪದಲ್ಲಿದೆ. ಸೋವಿಯತ್ ಒಕ್ಕೂಟದ ಕಾಲದಲ್ಲಿ ಸೇನಾ ವಾಯುನೆಲೆಯಾಗಿದ್ದ ಈ ಸ್ಥಳದಲ್ಲಿ 1959ರಲ್ಲಿ ನಾಗರಿಕ ವಿಮಾನಯಾನ ಆರಂಭವಾಯಿತು. ನಿಲ್ದಾಣದಲ್ಲಿ ಎರಡು ರನ್‌ವೇಗಳಿದ್ದು, ದೊಡ್ಡದರ ಉದ್ದ 4,000 ಮೀಟರ್. ಪೋಲೆಂಡ್ ಮತ್ತು ಉಕ್ರೇನ್ ಜಂಟಿಯಾಗಿ ಆತಿಥ್ಯ ವಹಿಸಿದ್ದ 2012ರ ಯುರೋಪಿಯನ್ ಫುಟ್‌ಬಾಲ್ ಚಾಂಪಿಯನ್‌ಶಿಪ್‌ನ ಸಂದರ್ಭದಲ್ಲಿ ಇಲ್ಲಿ 'ಡಿ' ಟರ್ಮಿನಲ್ ಉದ್ಘಾಟನೆಗೊಂಡಿತು. 2019ರಲ್ಲಿ ಸುಮಾರು 1 ಕೋಟಿ 52 ಲಕ್ಷ ಪ್ರಯಾಣಿಕರು ಈ ನಿಲ್ದಾಣವನ್ನು ಬಳಸಿದ್ದರು. ಆ ವರ್ಷ ಉಕ್ರೇನಿನ ಒಟ್ಟು ವಿಮಾನ ಪ್ರಯಾಣಿಕರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಈ ಒಂದೇ ನಿಲ್ದಾಣದ ಮೂಲಕ ಸಂಚರಿಸಿದ್ದರು.

ಕೀವ್ ನಗರಕ್ಕೆ ಝುಲ್ಯಾನಿ ಎಂಬ ಇನ್ನೊಂದು ಚಿಕ್ಕ ನಿಲ್ದಾಣವೂ, ವಾಯವ್ಯ ದಿಕ್ಕಿನ ಹೊಸ್ಟೊಮೆಲ್‌ನಲ್ಲಿ ಸರಕು ವಿಮಾನಗಳು ಬಳಸುವ ಆಂಟೊನೊವ್ ನಿಲ್ದಾಣವೂ ಇವೆ. ಆದರೆ ಭಾರತದಿಂದ ನೇರವಾಗಿ ಅಥವಾ ಕೊಲ್ಲಿ ರಾಷ್ಟ್ರಗಳ ಮಾರ್ಗವಾಗಿ ಕೀವ್‌ಗೆ ಹೋಗುವವರಲ್ಲಿ ಹೆಚ್ಚಿನವರು ಬೋರಿಸ್ಪಿಲ್‌ನಲ್ಲೇ ಇಳಿಯುತ್ತಿದ್ದರು.

ಹಿನ್ನೆಲೆ

ಉತ್ತರ ಕರ್ನಾಟಕದಿಂದ ಉಕ್ರೇನಿಗೆ

ಉಕ್ರೇನ್ ಸರ್ಕಾರದ ಅಂಕಿಅಂಶಗಳ ಪ್ರಕಾರ 2020ರಲ್ಲಿ ಅಲ್ಲಿ 76 ಸಾವಿರಕ್ಕೂ ಹೆಚ್ಚು ವಿದೇಶಿ ವಿದ್ಯಾರ್ಥಿಗಳಿದ್ದರು. ಅವರಲ್ಲಿ ಸುಮಾರು 18 ಸಾವಿರ ಮಂದಿ, ಅಂದರೆ ಹತ್ತಿರ ಹತ್ತಿರ ನಾಲ್ಕರಲ್ಲಿ ಒಂದು ಪಾಲು, ಭಾರತೀಯರು. ಇವರಲ್ಲಿ ಬಹುಪಾಲು ವೈದ್ಯಕೀಯ ವಿದ್ಯಾರ್ಥಿಗಳೇ ಆಗಿದ್ದರು.

ಇದರ ಹಿಂದೆ ಭಾರತದ ವೈದ್ಯಕೀಯ ಸೀಟುಗಳ ಕೊರತೆಯಿದೆ. 2021ರ 'ನೀಟ್' ಪರೀಕ್ಷೆಯನ್ನು 15 ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳು ಬರೆದಿದ್ದರು. ದೇಶದಲ್ಲಿ ಆಗ ಲಭ್ಯವಿದ್ದ ಎಂ.ಬಿ.ಬಿ.ಎಸ್. ಸೀಟುಗಳು 90 ಸಾವಿರಕ್ಕಿಂತ ಕಡಿಮೆ. ಅವುಗಳಲ್ಲಿ ಸುಮಾರು ಅರ್ಧದಷ್ಟು ಖಾಸಗಿ ಕಾಲೇಜುಗಳಲ್ಲಿದ್ದವು. ಹುಬ್ಬಳ್ಳಿ-ಧಾರವಾಡ ಅವಳಿನಗರದಲ್ಲಿ 1957ರಲ್ಲಿ ಸ್ಥಾಪನೆಯಾದ, ಜನಬಳಕೆಯಲ್ಲಿ 'ಕಿಮ್ಸ್' ಎಂದೇ ಪರಿಚಿತವಾದ ಸರ್ಕಾರಿ ವೈದ್ಯಕೀಯ ಕಾಲೇಜು ಮತ್ತು 2003ರಲ್ಲಿ ಆರಂಭವಾದ ಧಾರವಾಡದ ಎಸ್.ಡಿ.ಎಂ. ವೈದ್ಯಕೀಯ ಕಾಲೇಜು ಇವೆ. ಸರ್ಕಾರಿ ಕೋಟಾದಲ್ಲಿ ಸೀಟು ಸಿಗದ ಮಧ್ಯಮ ವರ್ಗದ ಕುಟುಂಬಕ್ಕೆ ಖಾಸಗಿ ಕಾಲೇಜಿನ ಶುಲ್ಕವು ಕೈಗೆಟುಕದಿದ್ದಾಗ ಉಕ್ರೇನ್, ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನಗಳಂತಹ ದೇಶಗಳು ಪರ್ಯಾಯವಾಗಿ ಕಾಣಿಸಿಕೊಂಡವು. ಅಲ್ಲಿನ ಆರು ವರ್ಷಗಳ ಒಟ್ಟು ವೆಚ್ಚವು ಭಾರತದ ಖಾಸಗಿ ಕಾಲೇಜಿನ ವೆಚ್ಚಕ್ಕಿಂತ ಬಹಳ ಕಡಿಮೆಯಾಗಿತ್ತು. ಹಾಗಿದ್ದರೂ ಆ ಹಣವನ್ನು ಹೊಂದಿಸಲು ಅನೇಕ ಕುಟುಂಬಗಳು ಬ್ಯಾಂಕ್ ಸಾಲವನ್ನೋ, ಹೊಲ-ಮನೆಗಳ ಅಡಮಾನವನ್ನೋ ಅವಲಂಬಿಸಬೇಕಾಗಿತ್ತು.

ಪ್ರಯಾಣದ ಮಾರ್ಗ

ಹುಬ್ಬಳ್ಳಿ ವಿಮಾನ ನಿಲ್ದಾಣದ ಹೊಸ ಟರ್ಮಿನಲ್ 2017ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. 'ಉಡಾನ್' ಯೋಜನೆಯಡಿ ಇಲ್ಲಿಂದ ದೇಶದ ಹಲವು ನಗರಗಳಿಗೆ ಸಂಪರ್ಕ ಏರ್ಪಟ್ಟಿತು. ಆದರೆ ಇಲ್ಲಿಂದ ಅಂತಾರಾಷ್ಟ್ರೀಯ ವಿಮಾನ ಸೇವೆ ಇರಲಿಲ್ಲ. ಈ ಭಾಗದ ವಿದ್ಯಾರ್ಥಿಗಳು ಬೆಂಗಳೂರು, ಮುಂಬೈ ಅಥವಾ ದೆಹಲಿ ತಲುಪಿ, ಅಲ್ಲಿಂದ ಶಾರ್ಜಾ, ದುಬೈ, ದೋಹಾ ಮೊದಲಾದ ನಗರಗಳ ಮೂಲಕ ಅಥವಾ ದೆಹಲಿಯಿಂದ ನೇರವಾಗಿ ಕೀವ್‌ಗೆ ಹೋಗಬೇಕಾಗಿತ್ತು. ಖಾರ್ಕಿವ್, ಸುಮಿ, ವಿನ್ನಿತ್ಸಿಯಾ ಮುಂತಾದ ಊರುಗಳಲ್ಲಿ ಓದುವವರು ಬೋರಿಸ್ಪಿಲ್‌ನಿಂದ ಮುಂದಕ್ಕೆ ರೈಲು ಅಥವಾ ಬಸ್ ಹಿಡಿಯುತ್ತಿದ್ದರು. ಮರಳುವ ದಾರಿಯೂ ಇದೇ ಆಗಿತ್ತು. ಹೀಗಾಗಿ ಕೀವ್‌ನಿಂದ ನೂರಾರು ಕಿಲೋಮೀಟರ್ ದೂರದ ಊರಿನಲ್ಲಿ ಓದುತ್ತಿದ್ದವರಿಗೂ ದೇಶಕ್ಕೆ ಮರಳುವ ಬಾಗಿಲೆಂದರೆ ರಾಜಧಾನಿಯ ಈ ನಿಲ್ದಾಣವೇ ಆಗಿತ್ತು.

ಮುಚ್ಚುಗಡೆಯ ಮುನ್ನಾ ದಿನಗಳು

ವಿಮಾನ ನಿಲ್ದಾಣದ ಮುಚ್ಚುಗಡೆ ಒಂದೇ ದಿನದಲ್ಲಿ ನಡೆದಂತೆ ಕಂಡರೂ ಅದರ ಸೂಚನೆಗಳು ಎರಡು ವಾರಗಳ ಮೊದಲೇ ಕಾಣಿಸಿದ್ದವು. ಫೆಬ್ರವರಿ 11ರ ಸುಮಾರಿಗೆ ಅಮೆರಿಕ ಮತ್ತು ಬ್ರಿಟನ್ ತಮ್ಮ ನಾಗರಿಕರಿಗೆ ಉಕ್ರೇನ್ ತೊರೆಯುವಂತೆ ಸೂಚಿಸಿದವು. ಫೆಬ್ರವರಿ 12ರಂದು ನೆದರ್‌ಲ್ಯಾಂಡ್ಸ್‌ನ ಕೆ.ಎಲ್.ಎಂ. ಸಂಸ್ಥೆಯು ಕೀವ್‌ಗೆ ತನ್ನ ವಿಮಾನಗಳನ್ನು ನಿಲ್ಲಿಸಿತು. ಅದೇ ದಿನ ಪೋರ್ಚುಗಲ್‌ನ ಮಡೈರಾ ದ್ವೀಪದಿಂದ ಕೀವ್‌ಗೆ ಹೊರಟಿದ್ದ ಉಕ್ರೇನಿನ ಸ್ಕೈಅಪ್ ಸಂಸ್ಥೆಯ ವಿಮಾನವು ನೆರೆಯ ಮಾಲ್ಡೋವಾ ದೇಶದ ರಾಜಧಾನಿಯಲ್ಲಿ ಇಳಿಯಬೇಕಾಯಿತು. ವಿಮಾನವನ್ನು ಬಾಡಿಗೆಗೆ ನೀಡಿದ್ದ ಕಂಪನಿಯು ಅದು ಉಕ್ರೇನಿನ ವಾಯುಪ್ರದೇಶವನ್ನು ಪ್ರವೇಶಿಸಲು ಒಪ್ಪಿರಲಿಲ್ಲ. ಜರ್ಮನಿಯ ಲುಫ್ತಾನ್ಸಾ ಫೆಬ್ರವರಿ 21ರಿಂದ ಸೇವೆಯನ್ನು ನಿಲ್ಲಿಸಿತು.

ಈ ಹಂತದಲ್ಲಿ ಸಂಚಾರವನ್ನು ಕುಗ್ಗಿಸಿದ್ದು ಕ್ಷಿಪಣಿಗಳಲ್ಲ, ವಿಮೆ. ವಿಮಾನ ಸಂಸ್ಥೆಗಳು ಹಾರಿಸುವ ವಿಮಾನಗಳಲ್ಲಿ ದೊಡ್ಡ ಪಾಲು ಬಾಡಿಗೆಯವು. ಯುದ್ಧದ ಅಪಾಯಕ್ಕೆ ವಿಮಾ ರಕ್ಷಣೆ ಇಲ್ಲದೆ ಅವುಗಳನ್ನು ಹಾರಿಸಲು ಮಾಲೀಕ ಕಂಪನಿಗಳು ಅನುಮತಿ ನೀಡುವುದಿಲ್ಲ. ವಿಮಾ ಸಂಸ್ಥೆಗಳು ಹಿಂದೆ ಸರಿಯತೊಡಗಿದಾಗ ಉಕ್ರೇನ್ ಸರ್ಕಾರವು ತನ್ನ ವಾಯುಪ್ರದೇಶವನ್ನು ತೆರೆದಿಡುವ ಸಲುವಾಗಿ 1,660 ಕೋಟಿ ಹ್ರಿವ್ನಿಯಾ ಮೊತ್ತದ ಖಾತರಿ ನಿಧಿಯನ್ನು ಘೋಷಿಸಿತು. ಜನರಲ್ಲಿ ಭೀತಿ ಹರಡದಂತೆ ನೋಡಿಕೊಳ್ಳುವುದು ಆಗ ಅಲ್ಲಿನ ಸರ್ಕಾರದ ಆದ್ಯತೆಯಾಗಿತ್ತು.

ಭಾರತದ ಕ್ರಮಗಳು

ಫೆಬ್ರವರಿ 15ರಂದು ಕೀವ್‌ನ ಭಾರತೀಯ ರಾಯಭಾರ ಕಚೇರಿಯು ಮೊದಲ ಸಲಹೆಯನ್ನು ಪ್ರಕಟಿಸಿತು. ಉಕ್ರೇನಿನಲ್ಲಿ ಇರಲೇಬೇಕಾದ ಅಗತ್ಯವಿಲ್ಲದವರು, ವಿಶೇಷವಾಗಿ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ದೇಶ ತೊರೆಯುವುದನ್ನು ಪರಿಗಣಿಸಬಹುದು ಎಂಬುದು ಅದರ ಸಾರಾಂಶವಾಗಿತ್ತು. ಫೆಬ್ರವರಿ 17ರಂದು ಕೇಂದ್ರ ಸರ್ಕಾರವು ಕೋವಿಡ್ ಕಾಲದ ಏರ್ ಬಬಲ್ ವ್ಯವಸ್ಥೆಯಡಿ ಎರಡೂ ದೇಶಗಳ ನಡುವಿನ ವಿಮಾನಗಳ ಸಂಖ್ಯೆಗೆ ವಿಧಿಸಿದ್ದ ಮಿತಿಯನ್ನು ತೆಗೆದುಹಾಕಿತು. ಫೆಬ್ರವರಿ 20ರಂದು ಎರಡನೆಯ ಸಲಹೆ ಹೊರಬಿತ್ತು. ಫೆಬ್ರವರಿ 22ರ ಮೂರನೆಯ ಸಲಹೆಯು, ಆನ್‌ಲೈನ್ ತರಗತಿಗಳ ಕುರಿತು ವಿಶ್ವವಿದ್ಯಾಲಯಗಳ ಅಧಿಕೃತ ದೃಢೀಕರಣಕ್ಕಾಗಿ ಕಾಯದೆ ಹೊರಡುವಂತೆ ವಿದ್ಯಾರ್ಥಿಗಳಿಗೆ ತಿಳಿಸಿತು.

ಏರ್ ಇಂಡಿಯಾ ಸಂಸ್ಥೆಯು ಫೆಬ್ರವರಿ 22, 24 ಮತ್ತು 26ರಂದು ದೆಹಲಿ ಹಾಗೂ ಬೋರಿಸ್ಪಿಲ್ ನಡುವೆ ಮೂರು ವಿಶೇಷ ವಿಮಾನಗಳನ್ನು ಪ್ರಕಟಿಸಿತ್ತು. ಮೊದಲನೆಯದು 22ರ ರಾತ್ರಿ ಸುಮಾರು 240 ಪ್ರಯಾಣಿಕರೊಂದಿಗೆ ದೆಹಲಿಗೆ ಮರಳಿತು.

ಫೆಬ್ರವರಿ 24

ಫೆಬ್ರವರಿ 24ರ ನಸುಕಿನಲ್ಲಿ ಉಕ್ರೇನಿನ ವಾಯುಸಂಚಾರ ಪ್ರಾಧಿಕಾರವು ದೇಶದ ವಾಯುಪ್ರದೇಶದಲ್ಲಿ ನಾಗರಿಕ ವಿಮಾನಗಳಿಗೆ ನೀಡುವ ಸೇವೆಯನ್ನು ಸ್ಥಗಿತಗೊಳಿಸಿ ಸೂಚನೆ ಹೊರಡಿಸಿತು. ಹಾರಾಟದ ಮಾರ್ಗದಲ್ಲಿನ ಅಪಾಯ ಅಥವಾ ನಿರ್ಬಂಧಗಳನ್ನು ಪೈಲಟ್‌ಗಳಿಗೆ ತಿಳಿಸುವ ಇಂತಹ ಸೂಚನೆಗೆ ವಿಮಾನಯಾನದ ಪರಿಭಾಷೆಯಲ್ಲಿ 'ನೋಟಾಮ್' ಎಂದು ಹೆಸರು. ಕೆಲವು ಗಂಟೆಗಳಲ್ಲಿ ಕೀವ್, ಖಾರ್ಕಿವ್ ಮುಂತಾದ ನಗರಗಳ ಸುತ್ತಲಿನ ಗುರಿಗಳ ಮೇಲೆ ಕ್ಷಿಪಣಿ ದಾಳಿ ಆರಂಭವಾಯಿತು. ಬೋರಿಸ್ಪಿಲ್ ವಾಯುನೆಲೆಯೂ ದಾಳಿಗೆ ಒಳಗಾಯಿತು. ಅದೇ ದಿನ ಹೊಸ್ಟೊಮೆಲ್ ನಿಲ್ದಾಣದಲ್ಲಿ ಹೆಲಿಕಾಪ್ಟರ್‌ಗಳಿಂದ ರಷ್ಯಾದ ಪಡೆಗಳು ಇಳಿದವು. ಅಲ್ಲಿನ ಕಾಳಗದ ಅವಧಿಯಲ್ಲಿ ವಿಶ್ವದ ಅತಿ ದೊಡ್ಡ ಸರಕು ವಿಮಾನವಾಗಿದ್ದ ಆಂಟೊನೊವ್ ಎಎನ್-225 'ಮ್ರಿಯಾ' ನಾಶವಾಯಿತು.

ಆ ಬೆಳಗ್ಗೆ ದೆಹಲಿಯಲ್ಲಿ ಎರಡು ಸಂಗತಿಗಳು ನಡೆದವು. ಮುಚ್ಚುಗಡೆಗೆ ಮುನ್ನವೇ ಕೀವ್‌ನಿಂದ ಹೊರಟಿದ್ದ ಉಕ್ರೇನ್ ಇಂಟರ್‌ನ್ಯಾಷನಲ್ ಏರ್‌ಲೈನ್ಸ್‌ನ ವಿಮಾನವು 182 ಭಾರತೀಯರೊಂದಿಗೆ ಬಂದಿಳಿಯಿತು. ದೆಹಲಿಯಿಂದ ಕೀವ್‌ಗೆ ಹೊರಟಿದ್ದ ಏರ್ ಇಂಡಿಯಾದ ಎರಡನೆಯ ವಿಶೇಷ ವಿಮಾನ ಎಐ-1947 ನೋಟಾಮ್ ಪ್ರಕಟವಾದ ಕಾರಣ ಅರ್ಧದಾರಿಯಿಂದ ಹಿಂದಿರುಗಿತು. ಆ ವಿಮಾನವನ್ನು ಹತ್ತಲು ಹೊರಟಿದ್ದವರು ಕೀವ್‌ನಲ್ಲೇ ಉಳಿದರು. ಕೀವ್ ಕಡೆಗೆ ಪ್ರಯಾಣದಲ್ಲಿರುವವರು ತಮ್ಮ ತಮ್ಮ ನಗರಗಳಿಗೆ ಮರಳಬೇಕು, ಇದ್ದವರು ಇದ್ದಲ್ಲೇ ಇರಬೇಕು ಎಂದು ರಾಯಭಾರ ಕಚೇರಿಯು ತಿಳಿಸಿತು.

ವಾಯುಪ್ರದೇಶ ಮುಚ್ಚುವ ನಿರ್ಧಾರದ ಹಿಂದೆ

ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನದ ಕುರಿತ 1944ರ ಷಿಕಾಗೋ ಒಪ್ಪಂದದಂತೆ ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ವಾಯುಪ್ರದೇಶದ ಮೇಲೆ ಸಂಪೂರ್ಣ ಸಾರ್ವಭೌಮತ್ವವಿದೆ. ಅದನ್ನು ತೆರೆದಿಡುವ ಅಥವಾ ಮುಚ್ಚುವ ಅಧಿಕಾರ ಆ ದೇಶದ್ದು. ಮುಚ್ಚಿದರೆ ವ್ಯಾಪಾರ ನಿಲ್ಲುತ್ತದೆ, ಹಾದುಹೋಗುವ ವಿಮಾನಗಳಿಂದ ದೊರೆಯುವ ಶುಲ್ಕ ತಪ್ಪುತ್ತದೆ, ಭೀತಿ ಹರಡುತ್ತದೆ. ಆದ್ದರಿಂದ ಸಂಘರ್ಷದಲ್ಲಿರುವ ದೇಶಗಳು ಈ ನಿರ್ಧಾರವನ್ನು ತಡವಾಗಿ ಕೈಗೊಳ್ಳುವುದುಂಟು.

ಇದರ ಪರಿಣಾಮವನ್ನು ಉಕ್ರೇನ್ ಎರಡು ಬಾರಿ ಕಂಡಿತ್ತು. 2014ರ ಜುಲೈ 17ರಂದು ಆಮ್‌ಸ್ಟರ್‌ಡ್ಯಾಮ್‌ನಿಂದ ಕ್ವಾಲಾಲಂಪುರಕ್ಕೆ ಹೊರಟಿದ್ದ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್-17 ವಿಮಾನವನ್ನು ಪೂರ್ವ ಉಕ್ರೇನಿನ ಮೇಲೆ ಕ್ಷಿಪಣಿಯಿಂದ ಹೊಡೆದುರುಳಿಸಲಾಯಿತು. ಅದರಲ್ಲಿದ್ದ 298 ಮಂದಿಯೂ ಮೃತಪಟ್ಟರು. ಅಂದು ಆ ಭಾಗದ ವಾಯುಪ್ರದೇಶವು 32,000 ಅಡಿ ಎತ್ತರದವರೆಗೆ ಮಾತ್ರ ಮುಚ್ಚಲ್ಪಟ್ಟಿತ್ತು. ವಿಮಾನವು 33,000 ಅಡಿ ಎತ್ತರದಲ್ಲಿ ಹಾರುತ್ತಿತ್ತು. ವಾಯುಪ್ರದೇಶವನ್ನು ಪೂರ್ಣವಾಗಿ ಮುಚ್ಚಲು ಸಾಕಷ್ಟು ಕಾರಣಗಳಿದ್ದವು ಎಂದು ನೆದರ್‌ಲ್ಯಾಂಡ್ಸ್‌ನ ಸುರಕ್ಷತಾ ಮಂಡಳಿಯು ತನ್ನ 2015ರ ವರದಿಯಲ್ಲಿ ಅಭಿಪ್ರಾಯಪಟ್ಟಿತು. 2020ರ ಜನವರಿ 8ರಂದು ಟೆಹ್ರಾನ್‌ನಿಂದ ಹೊರಟ ಉಕ್ರೇನ್ ಇಂಟರ್‌ನ್ಯಾಷನಲ್ ಏರ್‌ಲೈನ್ಸ್‌ನ ಪಿಎಸ್-752 ವಿಮಾನವು ಇರಾನಿನ ಕ್ಷಿಪಣಿಗಳಿಗೆ ಗುರಿಯಾಗಿ 176 ಮಂದಿ ಮಡಿದರು. ಇರಾನ್ ಅಂದು ತನ್ನ ವಾಯುಪ್ರದೇಶವನ್ನು ಮುಚ್ಚಿರಲಿಲ್ಲ. ಆ ವಿಮಾನ ತಲುಪಬೇಕಾಗಿದ್ದುದು ಬೋರಿಸ್ಪಿಲ್ ನಿಲ್ದಾಣವನ್ನೇ.

ಈ ಹಿನ್ನೆಲೆಯಲ್ಲಿ ನೋಡಿದರೆ 2022ರ ಮುಚ್ಚುಗಡೆಯು ನಾಗರಿಕ ವಿಮಾನಯಾನದ ಸುರಕ್ಷತೆಯ ದೃಷ್ಟಿಯಿಂದ ಯಶಸ್ವಿ ಕ್ರಮವಾಗಿತ್ತು. ಆಕ್ರಮಣದ ಮೊದಲ ಗಂಟೆಗಳಲ್ಲಿ ಉಕ್ರೇನಿನ ಆಕಾಶದಲ್ಲಿ ಯಾವ ಪ್ರಯಾಣಿಕ ವಿಮಾನವೂ ಕ್ಷಿಪಣಿಗೆ ಬಲಿಯಾಗಲಿಲ್ಲ. ಆದರೆ ಆಕಾಶದಲ್ಲಿನ ಪ್ರಯಾಣಿಕರನ್ನು ಉಳಿಸಿದ ಅದೇ ಕ್ರಮವು ನೆಲದ ಮೇಲಿದ್ದವರ ನಿರ್ಗಮನದ ದಾರಿಯನ್ನು ಮುಚ್ಚಿತು.

ಗಡಿಗಳ ಕಡೆಗೆ

ನಿಲ್ದಾಣ ಮುಚ್ಚಿದ ಬಳಿಕ ಉಳಿದಿದ್ದ ದಾರಿ ಪಶ್ಚಿಮದ ಭೂಗಡಿಗಳು ಮಾತ್ರ. ಪೋಲೆಂಡ್, ಸ್ಲೊವಾಕಿಯಾ, ಹಂಗೇರಿ, ರೊಮೇನಿಯಾ ಮತ್ತು ಮಾಲ್ಡೋವಾ ದೇಶಗಳ ಗಡಿ ದಾಟಿ, ಅಲ್ಲಿನ ನಿಲ್ದಾಣಗಳಿಂದ ವಿಮಾನ ಹತ್ತಬೇಕಾಗಿತ್ತು. ಭಾರತ ಸರ್ಕಾರವು ಈ ಕಾರ್ಯಾಚರಣೆಗೆ 'ಆಪರೇಷನ್ ಗಂಗಾ' ಎಂದು ಹೆಸರಿಟ್ಟಿತು. ಇದರ ಮೊದಲ ವಿಮಾನವು ಫೆಬ್ರವರಿ 26ರಂದು ರೊಮೇನಿಯಾದ ರಾಜಧಾನಿ ಬುಕಾರೆಸ್ಟ್‌ನಿಂದ 219 ಮಂದಿಯನ್ನು ಮುಂಬೈಗೆ ಕರೆತಂದಿತು. ಸಮನ್ವಯಕ್ಕಾಗಿ ಕೇಂದ್ರ ಸಚಿವರಾದ ಹರದೀಪ್ ಸಿಂಗ್ ಪುರಿ, ಜ್ಯೋತಿರಾದಿತ್ಯ ಸಿಂಧಿಯಾ, ಕಿರಣ್ ರಿಜಿಜು ಮತ್ತು ವಿ. ಕೆ. ಸಿಂಗ್ ಅವರನ್ನು ನೆರೆಯ ದೇಶಗಳಿಗೆ ಕಳುಹಿಸಲಾಯಿತು. ಕರ್ನಾಟಕ ಸರ್ಕಾರವು ಸಹಾಯವಾಣಿಯನ್ನು ಆರಂಭಿಸಿ, ದೆಹಲಿ ಹಾಗೂ ಮುಂಬೈಗೆ ಬಂದಿಳಿದ ರಾಜ್ಯದ ವಿದ್ಯಾರ್ಥಿಗಳನ್ನು ತವರಿಗೆ ತಲುಪಿಸುವ ವ್ಯವಸ್ಥೆ ಮಾಡಿತು.

ಗಡಿ ತಲುಪುವ ಕಷ್ಟವು ವಿದ್ಯಾರ್ಥಿ ಇದ್ದ ಊರನ್ನು ಅವಲಂಬಿಸಿತ್ತು. ಪಶ್ಚಿಮದ ಲ್ವಿವ್ ಅಥವಾ ಉಝ್‌ಹೊರೊದ್‌ನಲ್ಲಿ ಇದ್ದವರಿಗೆ ಗಡಿ ಸಮೀಪದಲ್ಲೇ ಇತ್ತು. ಕೀವ್‌ನಲ್ಲಿದ್ದವರಿಗೆ ಪೋಲೆಂಡ್ ಗಡಿ ಸುಮಾರು 600 ಕಿ.ಮೀ. ದೂರ. ಪೂರ್ವದ ಖಾರ್ಕಿವ್‌ನಿಂದ ಆ ದೂರ 1,000 ಕಿ.ಮೀ.ಗೂ ಹೆಚ್ಚು, ಅಂದರೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಇರುವ ದೂರದ ಎರಡೂವರೆ ಪಟ್ಟು. ರಷ್ಯಾದ ಗಡಿಗೆ ಖಾರ್ಕಿವ್‌ನಿಂದ ಇರುವುದು 40 ಕಿ.ಮೀ. ಮಾತ್ರವಾದರೂ ಆ ದಿಕ್ಕಿನಿಂದಲೇ ಸೇನೆ ಮುನ್ನುಗ್ಗುತ್ತಿತ್ತು. ಚಳಿಗಾಲದ ಹಿಮ, ಕರ್ಫ್ಯೂ, ತುಂಬಿ ತುಳುಕುತ್ತಿದ್ದ ರೈಲುಗಳು, ಗಡಿಯಲ್ಲಿ ದಿನಗಟ್ಟಲೆ ಕಾಯಬೇಕಾದ ಸಾಲುಗಳು ಪ್ರಯಾಣವನ್ನು ದುಸ್ತರಗೊಳಿಸಿದವು. ಅನೇಕರು ವಿದ್ಯಾರ್ಥಿನಿಲಯಗಳ ನೆಲಮಾಳಿಗೆಗಳಲ್ಲಿ ಮತ್ತು ಮೆಟ್ರೊ ನಿಲ್ದಾಣಗಳಲ್ಲಿ ರಾತ್ರಿಗಳನ್ನು ಕಳೆದರು.

ಮಾರ್ಚ್ 1ರಂದು ಖಾರ್ಕಿವ್ ನಗರದ ಕೇಂದ್ರಭಾಗವು ತೀವ್ರ ದಾಳಿಗೆ ಒಳಗಾಯಿತು. ದಿನಸಿ ತರಲು ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದ ಹಾವೇರಿ ಜಿಲ್ಲೆಯ ನಾಲ್ಕನೆಯ ವರ್ಷದ ವೈದ್ಯಕೀಯ ವಿದ್ಯಾರ್ಥಿ ಅಂದು ಮೃತಪಟ್ಟರು. ಈ ಯುದ್ಧದ ದಾಳಿಗೆ ಬಲಿಯಾದ ಮೊದಲ ಭಾರತೀಯರು ಅವರು. ಹಾವೇರಿಯು 1997ರವರೆಗೆ ಅವಿಭಜಿತ ಧಾರವಾಡ ಜಿಲ್ಲೆಯ ಭಾಗವಾಗಿತ್ತು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಪ್ರತಿನಿಧಿಸುತ್ತಿದ್ದ ಶಿಗ್ಗಾಂವಿ ಕ್ಷೇತ್ರವೂ ಅದೇ ಜಿಲ್ಲೆಯಲ್ಲಿದೆ. ಮರುದಿನ, ಮಾರ್ಚ್ 2ರಂದು, ಭಾರತೀಯರು ಆ ಕೂಡಲೇ ಖಾರ್ಕಿವ್ ತೊರೆಯಬೇಕು, ವಾಹನ ಸಿಗದವರು ಕಾಲ್ನಡಿಗೆಯಲ್ಲಾದರೂ ಸಮೀಪದ ಪೆಸೊಚಿನ್ ಮೊದಲಾದ ಊರುಗಳನ್ನು ಸಂಜೆಯೊಳಗೆ ತಲುಪಬೇಕು ಎಂದು ರಾಯಭಾರ ಕಚೇರಿಯು ಸೂಚಿಸಿತು.

ವಿದ್ಯಾರ್ಥಿಯ ಪಾರ್ಥಿವ ಶರೀರವು ಮಾರ್ಚ್ 21ರಂದು ಬೆಂಗಳೂರಿಗೆ ತಲುಪಿತು. ಬೋರಿಸ್ಪಿಲ್ ಮುಚ್ಚಿದ್ದರಿಂದ ಅದನ್ನೂ ಯುದ್ಧಭೂಮಿಯಿಂದ ರಸ್ತೆಯ ಮೂಲಕ ಗಡಿ ದಾಟಿಸಿಯೇ ತರಬೇಕಾಯಿತು. ಸ್ವಗ್ರಾಮದಲ್ಲಿ ಅಂತಿಮ ವಿಧಿಗಳನ್ನು ಪೂರೈಸಿದ ಬಳಿಕ ಕುಟುಂಬವು ಶರೀರವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಾಗಿ ನೀಡಿತು.

ಈಶಾನ್ಯದ ಸುಮಿ ನಗರದಲ್ಲಿ ಸಿಲುಕಿದ್ದ ಸುಮಾರು 700 ವಿದ್ಯಾರ್ಥಿಗಳನ್ನು ಮಾರ್ಚ್ 8ರಂದು ಬಸ್ಸುಗಳಲ್ಲಿ ಪೊಲ್ಟಾವಾಕ್ಕೂ, ಅಲ್ಲಿಂದ ರೈಲಿನಲ್ಲಿ ಪಶ್ಚಿಮಕ್ಕೂ ಕರೆದೊಯ್ದು, ಪೋಲೆಂಡಿನಿಂದ ವಿಮಾನದಲ್ಲಿ ಕರೆತರಲಾಯಿತು. ವಿದೇಶಾಂಗ ಸಚಿವ ಎಸ್. ಜೈಶಂಕರ್ ಅವರು ಮಾರ್ಚ್ 15ರಂದು ಸಂಸತ್ತಿಗೆ ನೀಡಿದ ಹೇಳಿಕೆಯಂತೆ ಸುಮಾರು 22,500 ಭಾರತೀಯರು ಸುರಕ್ಷಿತವಾಗಿ ಮರಳಿದ್ದರು. ಕಾರ್ಯಾಚರಣೆಯಲ್ಲಿ ವಾಯುಪಡೆಯ 14 ಹಾರಾಟಗಳೂ ಸೇರಿ ಒಟ್ಟು 90 ವಿಮಾನ ಹಾರಾಟಗಳು ನಡೆದಿದ್ದವು.

ವಿಶ್ಲೇಷಣೆ

ಮುಚ್ಚುಗಡೆಗೆ ಮುನ್ನ ಹೊರಡದಿರಲು ಕಾರಣಗಳು

ಮೊದಲ ಸಲಹೆ ಪ್ರಕಟವಾದ ಫೆಬ್ರವರಿ 15ರಿಂದ ನಿಲ್ದಾಣ ಮುಚ್ಚಿದ 24ರವರೆಗೆ ಒಂಬತ್ತು ದಿನಗಳಿದ್ದವು. ಈ ಅವಧಿಯಲ್ಲಿ ವಿದ್ಯಾರ್ಥಿಗಳು ಏಕೆ ಹೊರಡಲಿಲ್ಲ ಎಂಬ ಪ್ರಶ್ನೆಯು ಅಂದು ಸಾರ್ವಜನಿಕವಾಗಿ ಚರ್ಚೆಗೊಳಗಾಯಿತು. ಲಭ್ಯವಿರುವ ಸಂಗತಿಗಳು ಮೂರು ಕಾರಣಗಳನ್ನು ಸೂಚಿಸುತ್ತವೆ.

ಮೊದಲನೆಯದು ಆಸನಗಳ ಲೆಕ್ಕ. ಏರ್ ಇಂಡಿಯಾ ಬಳಸಿದ ಡ್ರೀಮ್‌ಲೈನರ್ ವಿಮಾನದಲ್ಲಿ ಸುಮಾರು 250 ಆಸನಗಳಿರುತ್ತವೆ. ಪ್ರಕಟವಾಗಿದ್ದ ಮೂರೂ ವಿಶೇಷ ವಿಮಾನಗಳು ಭರ್ತಿಯಾಗಿ ಸಂಚರಿಸಿದ್ದರೂ 800ಕ್ಕಿಂತ ಕಡಿಮೆ ಮಂದಿ ಮಾತ್ರ ಮರಳಬಹುದಾಗಿತ್ತು. ಉಕ್ರೇನಿನಲ್ಲಿದ್ದ 20 ಸಾವಿರಕ್ಕೂ ಹೆಚ್ಚು ಭಾರತೀಯರಿಗೆ ಅಂತಹ ಸುಮಾರು 80 ಹಾರಾಟಗಳು ಬೇಕಾಗುತ್ತಿದ್ದವು. ನಂತರದ ಕಾರ್ಯಾಚರಣೆಗೆ ಬೇಕಾದ ಹಾರಾಟಗಳ ಸಂಖ್ಯೆಯೂ ಇದಕ್ಕೆ ಸಮೀಪದಲ್ಲೇ ಇದೆ. ಸರ್ಕಾರದ ಹೇಳಿಕೆಯ ಪ್ರಕಾರ ಮುಚ್ಚುಗಡೆಗೆ ಮುನ್ನ ನೇರ ಹಾಗೂ ಪರೋಕ್ಷ ವಿಮಾನಗಳಲ್ಲಿ ಮರಳಿದವರು ಸುಮಾರು 4,000. ಬೇಡಿಕೆ ಹೆಚ್ಚಿದಂತೆ ಟಿಕೆಟ್ ದರವೂ ಏರಿದ್ದರಿಂದ, ಸಾಲ ಮಾಡಿ ಮಕ್ಕಳನ್ನು ಕಳುಹಿಸಿದ್ದ ಕುಟುಂಬಗಳಿಗೆ 'ತಾತ್ಕಾಲಿಕ' ಮರಳುವಿಕೆಯ ಎರಡು ಬದಿಯ ವೆಚ್ಚ ದೊಡ್ಡ ಹೊರೆಯಾಗಿತ್ತು.

ಎರಡನೆಯದು ಹಾಜರಾತಿ. ರಾಷ್ಟ್ರೀಯ ವೈದ್ಯಕೀಯ ಆಯೋಗವು 2021ರ ನವೆಂಬರ್‌ನಲ್ಲಿ ಹೊರಡಿಸಿದ ನಿಯಮಗಳಂತೆ ವಿದೇಶದಲ್ಲಿ ಓದುವವರು ಕನಿಷ್ಠ 54 ತಿಂಗಳ ವ್ಯಾಸಂಗವನ್ನು ಒಂದೇ ಸಂಸ್ಥೆಯಲ್ಲಿ ಪೂರೈಸಬೇಕು. ಕೋವಿಡ್ ಕಾಲದ ಆನ್‌ಲೈನ್ ಶಿಕ್ಷಣದ ಮಾನ್ಯತೆಯ ಪ್ರಶ್ನೆ ಆಗಲೇ ವಿದ್ಯಾರ್ಥಿಗಳನ್ನು ಕಾಡುತ್ತಿತ್ತು. ವಿಶ್ವವಿದ್ಯಾಲಯಗಳು ಆನ್‌ಲೈನ್ ತರಗತಿಗಳನ್ನು ಘೋಷಿಸದೆ ತರಗತಿ ಬಿಟ್ಟು ಹೊರಟರೆ ವರ್ಷವೇ ವ್ಯರ್ಥವಾಗುವ ಭಯವಿತ್ತು. ದೃಢೀಕರಣಕ್ಕಾಗಿ ಕಾಯಬೇಡಿ ಎಂಬ ಸ್ಪಷ್ಟ ಮಾತು ಬಂದದ್ದು ಮುಚ್ಚುಗಡೆಗೆ ಎರಡೇ ದಿನ ಮೊದಲು.

ಮೂರನೆಯದು ಸಂದೇಶಗಳ ಅಸ್ಪಷ್ಟತೆ. ಪಾಶ್ಚಾತ್ಯ ಸರ್ಕಾರಗಳು ಆಕ್ರಮಣ ಸನ್ನಿಹಿತ ಎಂದರೆ, ಉಕ್ರೇನ್ ಸರ್ಕಾರ ಶಾಂತವಾಗಿರಿ ಎನ್ನುತ್ತಿತ್ತು, ರಷ್ಯಾ ಆಕ್ರಮಣದ ಉದ್ದೇಶವೇ ಇಲ್ಲ ಎನ್ನುತ್ತಿತ್ತು. ಭಾರತದ ಸಲಹೆಯ 'ಪರಿಗಣಿಸಬಹುದು' ಎಂಬ ಮಾತು ಆದೇಶವಾಗಿರಲಿಲ್ಲ. ಬೋರಿಸ್ಪಿಲ್‌ನಿಂದ ಪ್ರತಿದಿನವೂ ವಿಮಾನಗಳು ಹಾರುತ್ತಿದ್ದುದರಿಂದ, ಅಗತ್ಯ ಬಿದ್ದಾಗ ಹೊರಡಬಹುದು ಎಂಬ ಭರವಸೆಯೂ ಉಳಿದಿತ್ತು.

ಒಟ್ಟಿನಲ್ಲಿ ವಿಮಾನ ನಿಲ್ದಾಣವು ತೆರೆದಿರುವುದನ್ನೇ ಸುರಕ್ಷತೆಯ ಗುರುತಾಗಿ ಪರಿಗಣಿಸಲಾಗಿತ್ತು. ಯುದ್ಧದ ಸಂದರ್ಭದಲ್ಲಿ ನಿಲ್ದಾಣವು ಹಂತಹಂತವಾಗಿ ಮುಚ್ಚುವುದಿಲ್ಲ. ಕೊನೆಯ ಗಂಟೆಯವರೆಗೂ ತೆರೆದಿದ್ದು ಒಮ್ಮೆಲೇ ಮುಚ್ಚುತ್ತದೆ. ನಿಜವಾದ ಮುನ್ಸೂಚನೆಯು ನಿಲ್ದಾಣದ ಫಲಕದಲ್ಲಲ್ಲ, ವಿಮಾ ಕಂಪನಿಗಳ ಮತ್ತು ವಿಮಾನ ಮಾಲೀಕರ ನಿರ್ಧಾರಗಳಲ್ಲಿ ಕಾಣಿಸುತ್ತದೆ ಎಂಬುದನ್ನು ಫೆಬ್ರವರಿ 12ರ ಘಟನೆಗಳು ತೋರಿಸುತ್ತವೆ.

ಇದೇ ಬಗೆಯ ಇತರ ಪ್ರಕರಣಗಳು

ಯುದ್ಧದಿಂದ ರಾಜಧಾನಿಯ ನಿಲ್ದಾಣ ಮುಚ್ಚಿದಾಗ ಅದನ್ನು ತೆರೆಸುವುದಕ್ಕಿಂತ ಬದಲಿ ದಾರಿ ಹುಡುಕುವುದೇ ಭಾರತದ ಸಾಮಾನ್ಯ ಕ್ರಮವಾಗಿದೆ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿಕೊಂಡಾಗ ಅಲ್ಲಿದ್ದ ಭಾರತೀಯರು ರಸ್ತೆಯ ಮೂಲಕ ಜೋರ್ಡಾನಿನ ಅಮ್ಮಾನ್ ತಲುಪಿದರು. ಅಲ್ಲಿಂದ ಏರ್ ಇಂಡಿಯಾ 488 ಹಾರಾಟಗಳಲ್ಲಿ 1 ಲಕ್ಷ 11 ಸಾವಿರದಷ್ಟು ಜನರನ್ನು ಕರೆತಂದಿತು. 2015ರಲ್ಲಿ ಯೆಮನ್‌ನಲ್ಲಿ ಭಿನ್ನವಾದ ಮಾರ್ಗ ಸಾಧ್ಯವಾಯಿತು: ದಾಳಿ ನಡೆಸುತ್ತಿದ್ದ ಸೌದಿ ಅರೇಬಿಯಾದ ಒಪ್ಪಿಗೆಯೊಂದಿಗೆ ದಿನದ ಕೆಲವು ಗಂಟೆಗಳ ಕಾಲ ರಾಜಧಾನಿ ಸನಾ ನಿಲ್ದಾಣದಿಂದ ಏರ್ ಇಂಡಿಯಾ ವಿಮಾನಗಳು ಹಾರಿದವು.

ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದ ಇನ್ನೊಂದು ಪ್ರಕರಣ ಸುಡಾನ್ ದೇಶದ್ದು. 2023ರ ಏಪ್ರಿಲ್ 15ರಂದು ಅಲ್ಲಿನ ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಭುಗಿಲೆದ್ದ ಕಾಳಗವು ನಗರದ ಮಧ್ಯದಲ್ಲೇ ಇರುವ ಖಾರ್ಟೂಮ್ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವನ್ನು ಮೊದಲ ದಿನವೇ ಆವರಿಸಿತು. ರಿಯಾದ್‌ಗೆ ಹೊರಡಲು ಸಿದ್ಧವಾಗಿದ್ದ ಸೌದಿಯಾ ಸಂಸ್ಥೆಯ ವಿಮಾನವು ಗುಂಡೇಟಿಗೆ ಸಿಲುಕಿತು. ಗಿಡಮೂಲಿಕೆಯ ಔಷಧ ಮತ್ತು ತೈಲಗಳ ಮಾರಾಟಕ್ಕೆ ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಸುಡಾನಿನ ಎಲ್ ಫಶೇರ್ ಮೊದಲಾದ ಕಡೆ ಸಿಲುಕಿಕೊಂಡರು. ರಾಜ್ಯ ವಿಧಾನಸಭಾ ಚುನಾವಣೆಯ ಸಮಯವಾಗಿದ್ದ ಕಾರಣ ಈ ವಿಷಯ ರಾಜಕೀಯ ವಾಗ್ವಾದಕ್ಕೂ ಎಡೆಮಾಡಿತು. ರಾಜ್ಯದ ನದಿಯ ಹೆಸರನ್ನೇ ಹೊತ್ತ 'ಆಪರೇಷನ್ ಕಾವೇರಿ'ಯಲ್ಲಿ ಜನರನ್ನು ರಸ್ತೆಯ ಮೂಲಕ ಪೋರ್ಟ್ ಸುಡಾನಿಗೆ ಕರೆತಂದು, ಅಲ್ಲಿಂದ ಹಡಗು ಮತ್ತು ವಿಮಾನಗಳಲ್ಲಿ ಜೆಡ್ಡಾಗೆ ಸಾಗಿಸಲಾಯಿತು. ಒಟ್ಟು 3,862 ಮಂದಿ ಮರಳಿದರು. 2025ರ ಜೂನ್‌ನಲ್ಲಿ ಇಸ್ರೇಲ್-ಇರಾನ್ ಸಂಘರ್ಷದಿಂದ ಟೆಹ್ರಾನ್‌ನ ನಿಲ್ದಾಣಗಳು ಮುಚ್ಚಿದಾಗಲೂ ಭಾರತೀಯ ವಿದ್ಯಾರ್ಥಿಗಳ ಮೊದಲ ತಂಡವು ರಸ್ತೆಯ ಮೂಲಕ ಅರ್ಮೇನಿಯಾ ತಲುಪಿ ದೆಹಲಿಗೆ ಬಂದಿತು. ಚಿಕ್ಕಬಳ್ಳಾಪುರ ಜಿಲ್ಲೆಯ ಅಲೀಪುರದ ನಿವಾಸಿಗಳೂ ಆಗ ಇರಾನಿನಲ್ಲಿ ಸಿಲುಕಿದ್ದರು.

ಈ ಪ್ರಕರಣಗಳಲ್ಲಿ ಪಾರಾಗುವ ಸಾಧ್ಯತೆಯನ್ನು ವಿಮಾನಗಳ ಸಂಖ್ಯೆಗಿಂತ ಹೆಚ್ಚಾಗಿ ನೆರೆಯ ಸುರಕ್ಷಿತ ಗಡಿಗೆ ಇದ್ದ ದೂರ ನಿರ್ಧರಿಸಿತು. ಆಪರೇಷನ್ ಗಂಗಾದಲ್ಲಿ ವಿಮಾನಗಳು ಗಡಿಯಾಚೆ ಸಿದ್ಧವಾಗಿದ್ದವು; ಖಾರ್ಕಿವ್ ಮತ್ತು ಸುಮಿಯಲ್ಲಿದ್ದವರಿಗೆ ಅವುಗಳನ್ನು ತಲುಪುವುದೇ ಅಪಾಯದ ಭಾಗವಾಗಿತ್ತು.

ನಂತರದ ಬೆಳವಣಿಗೆಗಳು

ಮರಳಿ ಬಂದ ವಿದ್ಯಾರ್ಥಿಗಳ ಶಿಕ್ಷಣದ ಪ್ರಶ್ನೆಯು ಒಂದು ವರ್ಷಕ್ಕೂ ಹೆಚ್ಚು ಕಾಲ ಮುಂದುವರಿಯಿತು. ಉತ್ತಮ ಅಂಕಗಳಿದ್ದರೂ ದೇಶದಲ್ಲಿ ಸೀಟು ಸಿಗದ ಕಾರಣ ಮಗನನ್ನು ಹೊರದೇಶಕ್ಕೆ ಕಳುಹಿಸಬೇಕಾಯಿತು ಎಂದು ಮೃತ ವಿದ್ಯಾರ್ಥಿಯ ಕುಟುಂಬ ಹೇಳಿದ್ದು ವೈದ್ಯಕೀಯ ಶಿಕ್ಷಣದ ವೆಚ್ಚದ ಚರ್ಚೆಗೆ ಕಾರಣವಾಯಿತು. ವಿದೇಶದಲ್ಲಿ ವೈದ್ಯಕೀಯ ಓದಿದವರಲ್ಲಿ ಶೇ. 90ರಷ್ಟು ಮಂದಿ ಭಾರತದ ಅರ್ಹತಾ ಪರೀಕ್ಷೆಯಲ್ಲಿ ಅನುತ್ತೀರ್ಣರಾಗುತ್ತಾರೆ ಎಂಬ ಅರ್ಥದ, ಧಾರವಾಡದ ಸಂಸದರೂ ಕೇಂದ್ರ ಸಚಿವರೂ ಆದ ಪ್ರಲ್ಹಾದ ಜೋಶಿ ಅವರ ಹೇಳಿಕೆಯು ಆ ಸಂದರ್ಭದಲ್ಲಿ ಟೀಕೆಗೆ ಒಳಗಾಯಿತು.

ಭಾರತದ ಕಾಲೇಜುಗಳಲ್ಲಿ ಪ್ರವೇಶ ನೀಡಬೇಕೆಂದು ವಿದ್ಯಾರ್ಥಿಗಳು ಸುಪ್ರೀಂ ಕೋರ್ಟ್ ಮೊರೆಹೋದರು. ಅದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ ಎಂದು 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರವು ನ್ಯಾಯಾಲಯಕ್ಕೆ ತಿಳಿಸಿತು. ಅದೇ ತಿಂಗಳು ವೈದ್ಯಕೀಯ ಆಯೋಗವು ಬೇರೆ ದೇಶಗಳ ಕಾಲೇಜುಗಳಲ್ಲಿ ವ್ಯಾಸಂಗ ಮುಂದುವರಿಸಿ ಪದವಿಯನ್ನು ಮೂಲ ಉಕ್ರೇನ್ ವಿಶ್ವವಿದ್ಯಾಲಯದಿಂದಲೇ ಪಡೆಯುವ ವ್ಯವಸ್ಥೆಗೆ ಒಪ್ಪಿಗೆ ನೀಡಿತು. 2023ರ ಮಾರ್ಚ್‌ನಲ್ಲಿ, ಅಂತಿಮ ಹಂತದ ವಿದ್ಯಾರ್ಥಿಗಳು ಭಾರತದ ಕಾಲೇಜಿಗೆ ಸೇರದೆಯೇ ಎಂ.ಬಿ.ಬಿ.ಎಸ್. ಅಂತಿಮ ಪರೀಕ್ಷೆಯ ಎರಡೂ ಭಾಗಗಳನ್ನು ಬರೆಯುವ ಒಂದು ಬಾರಿಯ ಅವಕಾಶಕ್ಕೆ ಸುಪ್ರೀಂ ಕೋರ್ಟ್ ಸಮ್ಮತಿಸಿತು. ಉತ್ತೀರ್ಣರಾದವರು ಎರಡು ವರ್ಷಗಳ ಇಂಟರ್ನ್‌ಶಿಪ್ ಪೂರೈಸಬೇಕು ಎಂಬ ಷರತ್ತು ಅದಕ್ಕಿತ್ತು.

ಮುಚ್ಚುಗಡೆಯ ನಂತರ ಕೀವ್‌ಗೆ ಹೋಗುವ ವಿದೇಶಿ ಗಣ್ಯರೂ ಪೋಲೆಂಡಿನ ಗಡಿಯಿಂದ ರೈಲಿನಲ್ಲೇ ಪ್ರಯಾಣಿಸುವುದು ರೂಢಿಯಾಯಿತು. 2024ರ ಆಗಸ್ಟ್ 23ರಂದು ಕೀವ್‌ಗೆ ಭೇಟಿ ನೀಡಿದ ಪ್ರಧಾನಿ ನರೇಂದ್ರ ಮೋದಿ ಅವರೂ ಪೋಲೆಂಡಿನಿಂದ ಸುಮಾರು ಹತ್ತು ಗಂಟೆಗಳ ರೈಲು ಪ್ರಯಾಣದ ಮೂಲಕ ಅಲ್ಲಿಗೆ ತಲುಪಿದರು. 2022ರ ಮಾರ್ಚ್‌ನಲ್ಲಿ ವಿದ್ಯಾರ್ಥಿಗಳು ಕೀವ್ ತೊರೆದಿದ್ದೂ ಪಶ್ಚಿಮದ ಗಡಿಗಳತ್ತ ಸಾಗುವ ರೈಲುಗಳಲ್ಲೇ.